ಶ್ರೀಮಂತ ದೇಶಗಳಲ್ಲಿ ಮಕ್ಕಳೇಕೆ ಕಡಿಮೆ? ನಾಲ್ಕು ತಿಂಗಳು ತಡವಾದ ನನ್ನ ಅರ್ಜಿಯ ಕತೆ

ಮುಂದಿನ ವರ್ಷ ಗಂಡ ಹೆಂಡತಿ ಇಬ್ಬರೂ ಜರ್ಮನಿಗೆ ಹೊರಟಿದ್ದೇವೆ, ಅಲ್ಲಿ ನೆಲೆಯೂರಿದ ಮೇಲೆ ಮಗುವಿನ ಯೋಚನೆ ಮಾಡೋಣ ಎಂದುಕೊಂಡಿದ್ದೇವೆ ಎಂದು ಬರೆದಿದ್ದೀರಿ. ಜೊತೆಗೆ, ಸರ್ಕಾರವೇ ಹಣ ಕೊಡುವ ಅಂಥ ಶ್ರೀಮಂತ ದೇಶಗಳಲ್ಲೂ ಜನ ಮಕ್ಕಳು ಬೇಡವೆನ್ನುವುದೇಕೆ, ಅದು ಸ್ವಾರ್ಥವಲ್ಲವೇ ಎಂದೂ ಕೇಳಿದ್ದೀರಿ. ಇವೆರಡೂ ಬೇರೆ ಬೇರೆ ವಿಷಯಗಳೆಂದು ನಿಮಗೆ ತೋರಿರಬಹುದು. ನನಗೆ ಮಾತ್ರ ನಿಮ್ಮ ಮೊದಲ ವಾಕ್ಯದಲ್ಲಿಯೇ ಎರಡನೆಯದರ ಉತ್ತರ ಕಾಣುತ್ತಿದೆ. 2012ರಲ್ಲಿ ಧಾರವಾಡದಿಂದ ಹೊರಡುವಾಗ ನಾನೂ ಅವ್ವನಿಗೆ ಇದೇ ಮಾತು ಹೇಳಿ ಬಂದಿದ್ದೆ.

ಆಗ ನನಗೆ 28 ವರ್ಷ, ಮದುವೆಯಾಗಿ ಎರಡು ವರ್ಷವಾಗಿತ್ತು. ಅದೇ ಆಗಸ್ಟ್‌ನಲ್ಲಿ ಜರ್ಮನಿ, ಉನ್ನತ ಶಿಕ್ಷಣ ಪಡೆದ ಹೊರದೇಶದ ನೌಕರರಿಗೆ ವಾಸದ ಪರವಾನಗಿ ಕೊಡುವ ಬ್ಲೂ ಕಾರ್ಡ್ ಪದ್ಧತಿಯನ್ನು ಜಾರಿಗೆ ತಂದಿತ್ತು. ಬಿ1 ಎಂಬ ನಡುಹಂತದ ಜರ್ಮನ್ ಭಾಷಾ ಪರೀಕ್ಷೆಯಲ್ಲಿ ಪಾಸಾದವರಿಗೆ ಆಗಿನ ನಿಯಮದಂತೆ 21 ತಿಂಗಳಲ್ಲಿ ಕಾಯಂ ನಿವಾಸದ ಪರವಾನಗಿ ಸಿಗುತ್ತಿತ್ತು. ನನ್ನ ಪತಿಗೆ ಆ ಪರವಾನಗಿ ಕೈಸೇರಲಿ, ನನಗೂ ಒಂದು ಕಾಯಂ ನೌಕರಿ ಆಗಲಿ ಎಂದು ಕಾದೆವು. ಎರಡೂ ಆದವು. ಬಾಡೆನ್-ವುರ್ಟೆಂಬರ್ಗ್ ರಾಜ್ಯದ ಮಧ್ಯಮ ಗಾತ್ರದ ಒಂದು ನಗರದಲ್ಲಿ ಮನೆ ಮಾಡಿದೆವು, ಸಾಫ್ಟ್‌ವೇರ್ ಪರೀಕ್ಷಿಸುವ ವಿಭಾಗವೊಂದರಲ್ಲಿ ನನಗೆ ಕೆಲಸ ಸಿಕ್ಕಿತು, 2015ರ ಜೂನ್‌ನಲ್ಲಿ ಮಗಳು ಹುಟ್ಟಿದಳು. ಅಲ್ಲಿಯವರೆಗೆ ಕಾದದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ.

ಬಾಣಂತನಕ್ಕೆ ಅವ್ವ ಬಂದಳು. ಅಂಟಿನುಂಡಿಯ ಎರಡು ಡಬ್ಬಿ, ಅಳ್ವಿಯ ಪುಡಿ, ತಾನೇ ಹೊಲಿದ ಕುಂಚಿಗೆ, ಹಳೆಯ ಇಳಕಲ್ ಸೀರೆಗಳ ತುಂಡುಗಳನ್ನು ಸೇರಿಸಿದ ಒಂದು ಪುಟ್ಟ ಕೌದಿ, ಇಷ್ಟನ್ನು ಹೊತ್ತು ತಂದಿದ್ದಳು. ಹೆರಿಗೆಯಾದ ಮೇಲೆ ಇಲ್ಲಿ ಸೂಲಗಿತ್ತಿ ಮನೆಗೇ ಬರುತ್ತಾರೆ, ಅದರ ಖರ್ಚನ್ನು ಆರೋಗ್ಯ ವಿಮೆ ನೋಡಿಕೊಳ್ಳುತ್ತದೆ. ಆಕೆ ಬಟ್ಟೆಯ ಜೋಳಿಗೆಯಲ್ಲಿ ಕೂಸನ್ನು ಮಲಗಿಸಿ, ಅದನ್ನು ಕೈತಕ್ಕಡಿಯ ಕೊಕ್ಕೆಗೆ ಸಿಕ್ಕಿಸಿ ಎತ್ತಿ ತೂಗುವುದನ್ನು ನೋಡಿದಾಗ, ತೊಟ್ಟಿಲು ಇಲ್ಲಿಯೂ ಇದೆಯಲ್ಲ ಎಂದು ಅವ್ವ ಸಮಾಧಾನಪಟ್ಟಳು. ಆದರೆ ಅವ್ವನ ವೀಸಾ ಇದ್ದದ್ದು 90 ದಿನ. ಅವಳು ಹೊರಟ ಸಂಜೆಯಿಂದ ಆ ಮನೆಯಲ್ಲಿ ಹಗಲಿಡೀ ನಾನು ಮತ್ತು ಕೂಸು ಇಬ್ಬರೇ.

ಹಣದ ಕೊರತೆ ನಮಗಿರಲಿಲ್ಲ ಎಂಬುದನ್ನು ಮೊದಲೇ ಸ್ಪಷ್ಟಪಡಿಸುತ್ತೇನೆ. ಹೆರಿಗೆಗೆ ಮೊದಲು ಆರು ವಾರ, ನಂತರ ಎಂಟು ವಾರ ಸಂಬಳದಷ್ಟೇ ಹಣ ಬಂತು. ಅದರ ಬಳಿಕ ಎಲ್ಟರ್ನ್‌ಗೆಲ್ಡ್, ಅಂದರೆ ಪೋಷಕರ ಭತ್ಯೆ. 2007ರಲ್ಲಿ ಆರಂಭವಾದ ಈ ಯೋಜನೆಯಲ್ಲಿ ಹಿಂದಿನ ನಿವ್ವಳ ಸಂಬಳದ ಸುಮಾರು ಮೂರರಲ್ಲಿ ಎರಡು ಪಾಲು, ತಿಂಗಳಿಗೆ ಹೆಚ್ಚೆಂದರೆ 1,800 ಯೂರೋ ಸಿಗುತ್ತದೆ. ಇದು ಒಬ್ಬರಿಗೆ 12 ತಿಂಗಳು. ಇನ್ನೊಬ್ಬರೂ ರಜೆ ಹಾಕಿದರೆ ಒಟ್ಟು 14 ತಿಂಗಳು. ಇದಲ್ಲದೆ ಮಗುವಿನ ಹೆಸರಿನಲ್ಲಿ ಪ್ರತಿ ತಿಂಗಳೂ ಮಕ್ಕಳ ಭತ್ಯೆ ಬರುತ್ತದೆ, 2025ರಲ್ಲಿ ಅದು 255 ಯೂರೋ ಇತ್ತು.

ಇನ್ನು ನನ್ನ ತಪ್ಪಿನ ವಿಷಯ. ಇದನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು, ಏಕೆಂದರೆ ಭಾರತದಿಂದ ಬಂದ ನಂತರದ ಕುಟುಂಬಗಳಲ್ಲಿಯೂ ಇದೇ ತಪ್ಪನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ.

ಒಂದು ವರ್ಷ ತುಂಬಿದ ಪ್ರತಿ ಮಗುವಿಗೂ ಕಿಟಾದಲ್ಲಿ, ಅಂದರೆ ಶಿಶುಪಾಲನಾ ಕೇಂದ್ರದಲ್ಲಿ, ಜಾಗ ಸಿಗಬೇಕೆನ್ನುವುದು 2013ರ ಆಗಸ್ಟ್ 1ರಿಂದ ಜರ್ಮನಿಯಲ್ಲಿ ಕಾನೂನಿನ ಹಕ್ಕು. ಗರ್ಭಿಣಿಯಾಗಿದ್ದಾಗಲೇ ನಾನು ಇದನ್ನು ಓದಿ ತಿಳಿದಿದ್ದೆ. ಹಕ್ಕು ಇದೆ ಎಂದಮೇಲೆ ಜಾಗವೂ ಇದೆ ಎಂದು ಭಾವಿಸಿದೆ. ಮಗಳಿಗೆ 2016ರ ಜೂನ್‌ನಲ್ಲಿ ವರ್ಷ ತುಂಬುತ್ತದೆ, ಒಂದೆರಡು ತಿಂಗಳು ಮುಂಚೆ ಹೋಗಿ ಹೆಸರು ಬರೆಸಿದರಾಯಿತು ಎಂದು ಲೆಕ್ಕ ಹಾಕಿ, ನನ್ನ ಕಂಪನಿಗೂ ಒಂದೇ ವರ್ಷದ ರಜೆಯ ಪತ್ರ ಕೊಟ್ಟಿದ್ದೆ. ನಮ್ಮ ಮಹಡಿಯ ಕೆಳಗಿನ ಮನೆಯಾಕೆ ಐದನೆಯ ತಿಂಗಳ ಬಸುರಿಯಾಗಿದ್ದಾಗಲೇ ಏಳು ಕಿಟಾಗಳಲ್ಲಿ ಹೆಸರು ಬರೆಸಿದ್ದಾಗಿ ಹೇಳಿದ್ದರು. ನೀವೂ ಬರೆಸಿ ಎಂದು ಎರಡು ಬಾರಿ ಎಚ್ಚರಿಸಿಯೂ ಇದ್ದರು. ನನಗೆ ಮನಸ್ಸಾಗಲಿಲ್ಲ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಬಾರದೆಂಬ ಮಾತಿನಲ್ಲಿ ಬೆಳೆದವಳು ನಾನು. ಹೆರಿಗೆಯಾಗುವ ತನಕ ನಮ್ಮ ಮನೆಯಲ್ಲಿ ಒಂದು ಅಂಗಿಯನ್ನೂ ಕೊಳ್ಳುವುದಿಲ್ಲ. ಹೊಟ್ಟೆಯೊಳಗಿನ ಮಗುವಿಗೆ ಸರ್ಕಾರಿ ಅರ್ಜಿ ತುಂಬುವುದು ನನಗೆ ಅಪಶಕುನದಂತೆ ಕಂಡಿತು. ಹೆರಿಗೆಯಾದ ಮೇಲೆ, ಇನ್ನೂ ಕುತ್ತಿಗೆ ನಿಲ್ಲದ ಕೂಸನ್ನು ಪರರ ಕೈಗೆ ಒಪ್ಪಿಸುವ ಮಾತನ್ನು ಈಗಲೇ ಆಡುವುದೇ ಎಂದು ಸಂಕೋಚವಾಯಿತು. ಆಮೇಲೆ ಚಳಿಗಾಲ ಬಂತು, ಮಗಳಿಗೆ ಕೆಮ್ಮು ಹಿಡಿಯಿತು, ದಿನಗಳು ಹೋದವು.

2016ರ ಏಪ್ರಿಲ್‌ನಲ್ಲಿ, ಮಗಳಿಗೆ ಹತ್ತು ತಿಂಗಳಾದಾಗ, ಸಂಬಂಧಪಟ್ಟ ಕಚೇರಿಗೆ ಹೋದೆ. ಅಲ್ಲಿನ ಮಹಿಳೆ ಸಿಡುಕಲಿಲ್ಲ, ಶಾಂತವಾಗಿಯೇ ವಿವರಿಸಿದರು. ಈ ರಾಜ್ಯದಲ್ಲಿ ಮಗುವಿಗೆ ಜಾಗ ಬೇಕೆಂಬುದನ್ನು ಕನಿಷ್ಠ ಆರು ತಿಂಗಳು ಮೊದಲೇ ತಿಳಿಸಬೇಕು. ಗೋಡೆಗೆ ತೂಗುಹಾಕಿದ್ದ ಇಡೀ ವರ್ಷದ ಕ್ಯಾಲೆಂಡರಿನಲ್ಲಿ ಜೂನ್ ಮೇಲೆ ಬೆರಳಿಟ್ಟು ಆಕೆ ಹಿಂದಕ್ಕೆ ಎಣಿಸುತ್ತ ಹೋದರು: ಮೇ, ಏಪ್ರಿಲ್, ಮಾರ್ಚ್, ಫೆಬ್ರವರಿ, ಜನವರಿ, ಡಿಸೆಂಬರ್. ಡಿಸೆಂಬರ್ ಎನ್ನುವಾಗ ಬೆರಳು ಕ್ಯಾಲೆಂಡರನ್ನು ದಾಟಿ ಬರೀ ಗೋಡೆಯ ಮೇಲಿತ್ತು. ನಾನು ನಾಲ್ಕು ತಿಂಗಳು ತಡವಾಗಿದ್ದೆ.

ಆ ನಾಲ್ಕು ತಿಂಗಳು ಎರಡು ವರ್ಷವಾಗಿ ಬೆಳೆದದ್ದು ಹೇಗೆ ಎಂಬುದನ್ನೂ ತಿಳಿಯಬೇಕು. ಕಿಟಾಗಳಲ್ಲಿ ಜಾಗ ತೆರವಾಗುವುದು ಬೇಸಿಗೆಯ ಕೊನೆಯಲ್ಲಿ, ದೊಡ್ಡ ಮಕ್ಕಳು ಮುಂದಿನ ಹಂತಕ್ಕೆ ಹೋದಾಗ. ಯಾವ ಜಾಗ ಯಾರಿಗೆ ಎಂಬುದು ನಮ್ಮ ನಗರದಲ್ಲಿ ವಸಂತದ ಆರಂಭದಲ್ಲಿಯೇ ತೀರ್ಮಾನವಾಗಿರುತ್ತದೆ. ಹಾಗಾಗಿ ಆ ವರ್ಷದ ಹಂಚಿಕೆ ಕೈತಪ್ಪಿತು. ಮನೆಯಲ್ಲಿಯೇ ನಾಲ್ಕೈದು ಮಕ್ಕಳನ್ನು ನೋಡಿಕೊಳ್ಳುವ ದಾದಿಯರ ಪಟ್ಟಿಯೂ ತುಂಬಿತ್ತು. ಅನಿವಾರ್ಯವಾಗಿ ರಜೆಯನ್ನು ಮುಂದುವರಿಸಿದೆ. ಮರುವರ್ಷ ಹಂಚಿಕೆಯ ಸಮಯಕ್ಕೆ ಅರ್ಜಿ ಸರಿಯಾಗಿಯೇ ಇತ್ತು, ಆದರೆ ಇಬ್ಬರೂ ಪೋಷಕರು ದುಡಿಯುತ್ತಿರುವ ಮನೆಗಳಿಗೆ ಮೊದಲ ಆದ್ಯತೆ, ನಾನೋ ಮನೆಯಲ್ಲಿದ್ದವಳು. ಜಾಗವಿಲ್ಲದ್ದರಿಂದ ಕೆಲಸಕ್ಕೆ ಹೋಗಿರಲಿಲ್ಲ, ಕೆಲಸಕ್ಕೆ ಹೋಗದ್ದರಿಂದ ಜಾಗ ಸಿಗಲಿಲ್ಲ. ಕೊನೆಗೆ ಮೂರು ವರ್ಷ ತುಂಬಿದ ಮೇಲೆ, 2018ರ ಸೆಪ್ಟೆಂಬರ್‌ನಲ್ಲಿ, ಮಗಳು ಕಿಂಡರ್‌ಗಾರ್ಟನ್ ಸೇರಿದಳು.

ನಡುವೆ, 2016ರ ಅಕ್ಟೋಬರ್‌ನಲ್ಲಿ, ಜರ್ಮನಿಯ ಅತ್ಯುನ್ನತ ಸಿವಿಲ್ ನ್ಯಾಯಾಲಯ ಲೈಪ್‌ಝಿಗ್‌ನ ಮೂವರು ತಾಯಂದಿರ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಸ್ಥಳೀಯಾಡಳಿತವು ತನ್ನ ತಪ್ಪಿನಿಂದ ಕಿಟಾದಲ್ಲಿ ಜಾಗ ಕೊಡದಿದ್ದರೆ, ಪೋಷಕರು ಕಳೆದುಕೊಂಡ ಸಂಬಳವನ್ನು ಪರಿಹಾರವಾಗಿ ಕೇಳಬಹುದು ಎಂಬುದು ಅದರ ಸಾರ. ಕೆಳಮನೆಯಾಕೆ ಪತ್ರಿಕೆಯ ಆ ತುಣುಕನ್ನು ನನಗಾಗಿ ಕತ್ತರಿಸಿ ತಂದಿದ್ದರು. ಆ ತಾಯಂದಿರು ಸಕಾಲದಲ್ಲಿ ಬೇಡಿಕೆ ಸಲ್ಲಿಸಿದ್ದರು. ನಾನು ಸಲ್ಲಿಸಿರಲಿಲ್ಲ. ದೂರು ಕೊಡುವ ದಾರಿಯನ್ನೂ ನನ್ನ ತಡ ಮುಚ್ಚಿಹಾಕಿತ್ತು.

ಕೆಲಸಕ್ಕೆ ಮರಳಿದಾಗ ನೌಕರಿ ಉಳಿದಿತ್ತು, ನಾನು ಕಟ್ಟಿದ ತಂಡ ಬೇರೆಯವರ ಕೈಯಲ್ಲಿತ್ತು. ಕಿಂಡರ್‌ಗಾರ್ಟನ್ ಮಧ್ಯಾಹ್ನ ಒಂದೂವರೆಗೆ ಮುಚ್ಚುತ್ತಿದ್ದುದರಿಂದ ವಾರಕ್ಕೆ 20 ಗಂಟೆಯ ಕೆಲಸವನ್ನಷ್ಟೇ ಒಪ್ಪಿಕೊಂಡೆ. ಮೊದಲ ತಿಂಗಳ ಸಂಬಳದ ಚೀಟಿ ಇಂದಿಗೂ ಕಣ್ಣ ಮುಂದಿದೆ. ಮೇಲಿನ ಸಾಲಿನಲ್ಲಿದ್ದ ಮೊತ್ತದ ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು ಹಣ ಕೆಳಗಿನ ಸಾಲಿನಲ್ಲಿತ್ತು. ಮೂಲೆಯಲ್ಲಿ ತೆರಿಗೆ ವರ್ಗ 5 ಎಂದು ಅಚ್ಚಾಗಿತ್ತು. 1958ರಿಂದ ನಡೆದುಬಂದ ಪದ್ಧತಿಯಂತೆ ಇಲ್ಲಿ ಗಂಡ ಹೆಂಡತಿಯ ಆದಾಯವನ್ನು ಕೂಡಿಸಿ, ಎರಡು ಸಮಪಾಲು ಮಾಡಿ ತೆರಿಗೆ ಲೆಕ್ಕ ಹಾಕುತ್ತಾರೆ. ಹೆಚ್ಚು ದುಡಿಯುವವರು ವರ್ಗ 3, ಕಡಿಮೆ ದುಡಿಯುವವರು ವರ್ಗ 5 ಆರಿಸಿಕೊಂಡರೆ ವಿನಾಯಿತಿಯೆಲ್ಲ ಒಬ್ಬರ ಚೀಟಿಗೆ, ತೆರಿಗೆಯ ಭಾರವೆಲ್ಲ ಇನ್ನೊಬ್ಬರ ಚೀಟಿಗೆ ಹೋಗುತ್ತದೆ. ವರ್ಷದ ಕೊನೆಗೆ ಮನೆಯ ಒಟ್ಟು ಲೆಕ್ಕ ಒಂದೇ ಎಂದು ಪತಿ ಕಾಗದದ ಮೇಲೆ ಬರೆದು ತೋರಿಸಿದರು, ಅವರ ಲೆಕ್ಕ ಸರಿಯಾಗಿಯೂ ಇತ್ತು. ಆದರೆ ಆ ಚೀಟಿಯನ್ನು ಕೈಯಲ್ಲಿ ಹಿಡಿದವಳಿಗೆ, ನೀನು ದುಡಿಯಬೇಕೇ ಎಂದು ಯಾರೋ ಕೇಳಿದಂತಾಗುತ್ತಿತ್ತು.

ಆಗ ನನಗೆ 34. ನಮಗಿಬ್ಬರಿಗೂ ಎರಡನೆಯ ಮಗು ಬೇಕಿತ್ತು. ಬೇಡವೆಂಬ ಮಾತು ಒಂದು ದಿನವೂ ನಮ್ಮ ಮನೆಯಲ್ಲಿ ಬಂದಿಲ್ಲ. ಮುಂದೂಡಿದ್ದು ಏಕೆಂದರೆ, ಪೋಷಕರ ಭತ್ಯೆ ಹೆರಿಗೆಗೆ ಹಿಂದಿನ 12 ತಿಂಗಳ ನಿವ್ವಳ ಸಂಬಳದ ಮೇಲೆ ನಿರ್ಧಾರವಾಗುತ್ತದೆ. ಅರ್ಧ ಕೆಲಸ, ಅದರ ಮೇಲೆ ವರ್ಗ 5. ಆ ಸಂಬಳದ ಮೂರರಲ್ಲಿ ಎರಡು ಪಾಲೆಂದರೆ ಮನೆಬಾಡಿಗೆಯ ಅರ್ಧವೂ ಆಗುತ್ತಿರಲಿಲ್ಲ. ಮೊದಲು ಪೂರ್ಣಾವಧಿಗೆ ಬರೋಣ, ಒಂದು ವರ್ಷ ಪೂರ್ತಿ ಸಂಬಳ ಎಣಿಸಿಕೊಳ್ಳೋಣ, ಆಮೇಲೆ ಎರಡನೆಯದು ಎಂದು ನಿರ್ಧರಿಸಿದೆವು. ಮಕ್ಕಳಾಗಲಿ ಎಂದೇ ಮಾಡಿದ ಯೋಜನೆಯೊಂದು, ಮೊದಲು ಚೆನ್ನಾಗಿ ಸಂಪಾದಿಸಿ ಆಮೇಲೆ ಹೆರು ಎಂದು ನಮಗೆ ಹೇಳುತ್ತಿದೆ ಎಂಬುದು ಆಗ ನನಗೆ ಹೊಳೆಯಲಿಲ್ಲ. 2020ರ ಮಾರ್ಚ್‌ನಲ್ಲಿ ಕೊರೊನಾದಿಂದ ಕಿಂಡರ್‌ಗಾರ್ಟನ್‌ಗಳು ಮುಚ್ಚಿದವು, ಪೂರ್ಣಾವಧಿಯ ಮಾತು ಹಿಂದೆ ಬಿತ್ತು. 2021ರ ಸೆಪ್ಟೆಂಬರ್‌ನಲ್ಲಿ ಮಗಳು ಶಾಲೆಗೆ ಸೇರಿದಳು, ಮಧ್ಯಾಹ್ನದ ನಂತರ ಅವಳನ್ನು ನೋಡಿಕೊಳ್ಳುವ ಜಾಗವೂ ಅದೃಷ್ಟಕ್ಕೆ ಸಿಕ್ಕಿತು, ನಾನು ಪೂರ್ಣಾವಧಿಗೆ ಬಂದೆ. ನೆಲೆಯೂರಿದೆವು ಎಂದು ಆ ತಿಂಗಳು ನಿಜವಾಗಿ ಅನ್ನಿಸಿತು. ನನಗೆ 37 ತುಂಬಿತ್ತು.

2022ರ ವಸಂತದಲ್ಲಿ ಒಂಬತ್ತನೆಯ ವಾರಕ್ಕೆ ಗರ್ಭಪಾತವಾಯಿತು. ಆ ವರ್ಷದ ಕೊನೆಯಿಂದ ಐವಿಎಫ್ ಚಿಕಿತ್ಸೆ. ಇಲ್ಲಿನ ಸರ್ಕಾರಿ ಪದ್ಧತಿಯ ವಿಮೆ ವಿವಾಹಿತ ದಂಪತಿಗೆ ಮೂರು ಪ್ರಯತ್ನಗಳವರೆಗೆ ಅರ್ಧ ಖರ್ಚು ಕೊಡುತ್ತದೆ, ಹೆಂಡತಿಗೆ 40 ತುಂಬುವವರೆಗೆ ಮಾತ್ರ. ಮೂರೂ ಪ್ರಯತ್ನಗಳು ವಿಫಲವಾದವು. 2024ರ ಫೆಬ್ರವರಿಯಲ್ಲಿ ನನಗೆ 40 ತುಂಬಿತು, ಅಲ್ಲಿಗೆ ನಿಲ್ಲಿಸಿದೆವು. ಕೌದಿ ಮತ್ತು ಕುಂಚಿಗೆ ನೆಲಮಾಳಿಗೆಯ ಪೆಟ್ಟಿಗೆಯಲ್ಲಿ ಹಾಗೆಯೇ ಇವೆ. ತಮ್ಮನೋ ತಂಗಿಯೋ ಯಾವಾಗ ಬರುತ್ತದೆ ಎಂದು ಕೇಳುತ್ತಿದ್ದ ಮಗಳು ಈಗ ಕೇಳುವುದನ್ನು ಬಿಟ್ಟಿದ್ದಾಳೆ.

ಜರ್ಮನಿಯ ಅಂಕಿಅಂಶದಲ್ಲಿ ನಾನು ಒಂದೇ ಮಗು ಹೆತ್ತ ಹೆಂಗಸು. ಹೊರಗಿನಿಂದ ನೋಡಿದವರಿಗೆ ಇವಳು ವೃತ್ತಿಗಾಗಿ ಒಂದಕ್ಕೇ ಸಾಕೆಂದಳು ಎಂದು ತೋರೀತು, ನಿಮ್ಮ ಸ್ವಾರ್ಥ ಎಂಬ ಪದ ಅಲ್ಲಿಂದಲೇ ಬರುತ್ತದೆ. ಆ ಪದವನ್ನು ದಯವಿಟ್ಟು ಕೈಬಿಡಿ. ಒಬ್ಬ ಮಹಿಳೆಗೆ ಸರಾಸರಿ ಹುಟ್ಟುವ ಮಕ್ಕಳ ಸಂಖ್ಯೆ ಇಲ್ಲಿ 2021ರಲ್ಲಿ 1.58 ಇದ್ದದ್ದು 2024ರಲ್ಲಿ 1.35ಕ್ಕೆ ಇಳಿದಿದೆ, ಜನಸಂಖ್ಯೆ ತನ್ನಷ್ಟಕ್ಕೆ ಸಮನಾಗಿ ಉಳಿಯಬೇಕಾದರೆ ಅದು ಸುಮಾರು 2.1 ಇರಬೇಕು. ಮಗುವೇ ಬೇಡವೆಂದು ನಿಶ್ಚಯಿಸಿದವರು ಇಲ್ಲಿ ಖಂಡಿತ ಇದ್ದಾರೆ, ಅದು ಅವರ ಹಕ್ಕು. ಆದರೆ ಸಮೀಕ್ಷೆಗಳಲ್ಲಿ ಜನ ಬೇಕೆಂದು ಹೇಳುವ ಮಕ್ಕಳ ಸಂಖ್ಯೆ ನಿಜವಾಗಿ ಹುಟ್ಟುವ ಸಂಖ್ಯೆಗಿಂತ ಹೆಚ್ಚಿದೆ. ಮೊದಲ ಹೆರಿಗೆಯ ಸರಾಸರಿ ವಯಸ್ಸು 30 ದಾಟಿದೆ. ಮೊದಲನೆಯದು 31ಕ್ಕೋ 32ಕ್ಕೋ ಆದಾಗ, ಎರಡನೆಯದಕ್ಕೆ ಉಳಿಯುವ ಕಾಲ ಎಷ್ಟು ಸಣ್ಣದು ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಒಂದು ಅರ್ಜಿ ತಪ್ಪಿದರೂ ಆ ಕಾಲ ಕರಗುತ್ತದೆ.

ನಮ್ಮ ಕಚೇರಿಯಲ್ಲಿ ಹಿಂದಿನ ಪೂರ್ವ ಜರ್ಮನಿಯವರಾದ ಒಬ್ಬ ಹಿರಿಯ ಸಹೋದ್ಯೋಗಿ ಇದ್ದರು. ಅಲ್ಲಿ ಹೆಂಗಸರು 23ರ ಆಸುಪಾಸಿನಲ್ಲಿಯೇ ತಾಯಂದಿರಾಗುತ್ತಿದ್ದರು, ಕೂಸಿಗೆ ವರ್ಷವಾಗುತ್ತಲೇ ಶಿಶುಪಾಲನಾ ಕೇಂದ್ರ, ತಾಯಿ ಮರಳಿ ಕಾರ್ಖಾನೆಗೆ. ತಾವು ಇಬ್ಬರನ್ನು ಹೆತ್ತಾಗ ಸರಿಯಾದ ಸಮಯ ಯಾವುದೆಂದು ಯೋಚಿಸಲೇ ಇಲ್ಲ ಎನ್ನುತ್ತಿದ್ದರು. ಪಶ್ಚಿಮಕ್ಕೆ ಬಂದ ಮೇಲೆ ಅವರು ಮೊದಲ ಬಾರಿಗೆ ಕೇಳಿದ ಪದ ರಾಬೆನ್‌ಮುಟರ್, ಕಾಗೆಯಂಥ ತಾಯಿ; ಮರಿಗಳನ್ನು ಗೂಡಿನಲ್ಲಿ ಬಿಟ್ಟು ಹೋಗುವವಳೆಂದು ದುಡಿಯುವ ತಾಯಂದಿರನ್ನು ಜರೆಯುವ ಮಾತದು. ಹಾಗೆಂದು ಆ ಕಾಲವನ್ನು ಅವರು ಹೊಗಳುತ್ತಿರಲಿಲ್ಲ, ಅಲ್ಲಿನ ಬೇರೆ ಕಟ್ಟುಪಾಡುಗಳು ಅವರಿಗೆ ಚೆನ್ನಾಗಿ ನೆನಪಿದ್ದವು. ಬರ್ಲಿನ್ ಗೋಡೆ ಬಿದ್ದು, ಎರಡೂ ದೇಶಗಳು ಒಂದಾಗಿ, ಕಾರ್ಖಾನೆಗಳು ಸಾಲುಸಾಲಾಗಿ ಮುಚ್ಚಿದಾಗ ಪೂರ್ವದಲ್ಲಿ ಒಬ್ಬ ಮಹಿಳೆಗೆ ಹುಟ್ಟುವ ಮಕ್ಕಳ ಸಂಖ್ಯೆ 1994ರಲ್ಲಿ 0.77ಕ್ಕೆ ಕುಸಿಯಿತು. ಅದೇ ಊರು, ಅದೇ ಜನ. ನಾಲ್ಕೈದು ವರ್ಷದಲ್ಲಿ ಅವರೆಲ್ಲ ಸ್ವಾರ್ಥಿಗಳಾದರೇ? ನಾಳೆ ಏನೆಂಬುದು ತಿಳಿಯದಾದಾಗ ಮಗುವನ್ನು ಮುಂದೂಡಿದರು.

ಕಿಟಾ ಇದ್ದುಬಿಟ್ಟರೆ ಎಲ್ಲವೂ ಸರಿಹೋಗುತ್ತದೆ ಎಂದೂ ನಾನು ವಾದಿಸಲಾರೆ. ಶಿಶುಪಾಲನೆಯ ವ್ಯವಸ್ಥೆ ಇಲ್ಲಿಗಿಂತ ಎಷ್ಟೋ ಮೇಲಿರುವ ಫಿನ್ಲೆಂಡ್‌ನಲ್ಲಿಯೂ 2023ರಲ್ಲಿ ಈ ಸಂಖ್ಯೆ 1.26 ಇತ್ತು. ದಕ್ಷಿಣ ಕೊರಿಯಾದಲ್ಲಿ ಅದೇ ವರ್ಷ 0.72. ಕಾರಣಗಳು ದೇಶಕ್ಕೊಂದು ಬಗೆ. ಓದು, ನೌಕರಿ, ಮನೆ, ಸಂಗಾತಿ, ಪರವಾನಗಿ ಎಂದು ಒಂದರ ಹಿಂದೊಂದು ಸರದಿ ನಿಂತು, ಮಗು ಯಾವಾಗಲೂ ಆ ಸಾಲಿನ ಕೊನೆಯಲ್ಲಿ ನಿಲ್ಲುವುದು ಮಾತ್ರ ನಾನು ಕಂಡ ಎಲ್ಲ ಮನೆಗಳಲ್ಲಿಯೂ ಒಂದೇ.

ಶ್ರೀಮಂತ ದೇಶ ಎಂಬ ನಿಮ್ಮ ಮಾತನ್ನೂ ನಾನು ಒಪ್ಪುವುದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಸಂಖ್ಯೆ 1.7. ಅದೂ ಯಾವ ಪೋಷಕರ ಭತ್ಯೆಯೂ, ಕಿಟಾದ ಹಕ್ಕೂ ಇಲ್ಲದ ನಾಡಿನಲ್ಲಿ. ಹುಬ್ಬಳ್ಳಿಯಲ್ಲಿರುವ ನನ್ನ ತಂಗಿಗೂ ಒಬ್ಬನೇ ಮಗ. ಅವಳ ಅತ್ತೆಗೆ ಮೊಣಕಾಲು ನೋವು, ಅವಳಿಗೆ ಬೆಳಗ್ಗೆ ಎಂಟಕ್ಕೆ ಕೆಲಸ, ಶಾಲೆಯ ಶುಲ್ಕ ವರ್ಷ ವರ್ಷ ಏರುತ್ತದೆ. ಅವಳನ್ನು ಶ್ರೀಮಂತೆ ಎಂದು ಯಾರೂ ಕರೆಯಲಾರರು. ನಾವಿಬ್ಬರೂ ಫೋನಿನಲ್ಲಿ ಮಾತನಾಡುವಾಗ ನಮ್ಮ ಕಾರಣಗಳು ಅಕ್ಕಪಕ್ಕದ ಮನೆಯವರ ಕಾರಣಗಳಂತೆಯೇ ಇರುತ್ತವೆ.

ಈಗ ನಿಮಗೆ ಹೇಳಬೇಕಾದದ್ದು. ನಿಮಗೆ ಮಗು ಬೇಡವಾದರೆ ನನ್ನ ಈ ಮಾತುಗಳನ್ನೆಲ್ಲ ಬಿಟ್ಟುಬಿಡಿ. ಬೇಕಾಗಿದ್ದರೆ, ಅದರಲ್ಲಿಯೂ ಇಬ್ಬರು ಬೇಕಾಗಿದ್ದರೆ, ನೆಲೆಯೂರಿದ ಮೇಲೆ ಎಂಬ ಷರತ್ತನ್ನು ಇವತ್ತೇ ತೆಗೆದುಹಾಕಿ. ನಿಮ್ಮ ವಯಸ್ಸು 30 ಎಂದು ಬರೆದಿದ್ದೀರಿ. ಕಾಯಂ ಪರವಾನಗಿ, ಸ್ವಂತ ಮನೆ, ಬಡ್ತಿ ಇವು 40ರ ಮೇಲೂ ಸಿಗುತ್ತವೆ. ಮದುವೆಯಾದವರು ನೀವಾದ್ದರಿಂದ, ಗರ್ಭಿಣಿಯಾಗುವ ಮೊದಲೇ ತೆರಿಗೆ ವರ್ಗವನ್ನು ನೋಡಿಕೊಳ್ಳಿ: ಹೆರಿಗೆ ರಜೆ ಆರಂಭವಾಗುವ ಮುನ್ನ ಕನಿಷ್ಠ ಏಳು ಪೂರ್ಣ ತಿಂಗಳು ನೀವು ಅನುಕೂಲದ ವರ್ಗದಲ್ಲಿ, ಅಂದರೆ 3ರಲ್ಲಿ, ಇದ್ದರೆ ಪೋಷಕರ ಭತ್ಯೆ ಅದರ ಮೇಲೆ ಲೆಕ್ಕವಾಗುತ್ತದೆ. ನಿಮ್ಮ ಪತಿಯ ಪಾಲಿನ ಎರಡು ತಿಂಗಳನ್ನು ಹೆರಿಗೆಯ ವೇಳೆಗೆ ಖರ್ಚು ಮಾಡಬೇಡಿ, ಆಗ ನಿಮ್ಮ ತಾಯಿಯೋ ಅತ್ತೆಯೋ 90 ದಿನಕ್ಕೆ ಬರಬಹುದು. ಕಿಟಾಕ್ಕೆ ಸೇರಿದ ಮೊದಲ ವಾರಗಳಲ್ಲಿ ಮಗು ಒಗ್ಗಿಕೊಳ್ಳುವ ತನಕ ತಂದೆಯೋ ತಾಯಿಯೋ ಜೊತೆಯಲ್ಲಿ ಕೂರಬೇಕು, 13 ಮತ್ತು 14ನೆಯ ತಿಂಗಳು ಅವರು ರಜೆ ಹಾಕಿ ಅದನ್ನು ಮಾಡಲಿ, ನೀವು ಕೆಲಸಕ್ಕೆ ಹೋಗಿ. ಬಾಡಿಗೆ ಮನೆ ಹುಡುಕುವಾಗ ರೈಲು ನಿಲ್ದಾಣ ಎಷ್ಟು ದೂರ ಎಂದು ಕೇಳುವ ಮೊದಲು ಆ ಬಡಾವಣೆಯ ಕಿಟಾಗಳು ಎಷ್ಟು ಗಂಟೆಗೆ ಮುಚ್ಚುತ್ತವೆ ಎಂದು ಕೇಳಿ.

ಮತ್ತು ಅರ್ಜಿ. ವೈದ್ಯರು ಹೆರಿಗೆಯ ಅಂದಾಜು ದಿನಾಂಕ ಕೊಟ್ಟ ವಾರದಲ್ಲಿಯೇ ನಿಮ್ಮ ಊರಿನ ನಿಯಮವನ್ನು ವಿಚಾರಿಸಿ. ಕೆಲವು ಊರುಗಳಲ್ಲಿ ಮಗು ಹುಟ್ಟಿದ ಮೇಲಷ್ಟೇ ಅರ್ಜಿ ತೆಗೆದುಕೊಳ್ಳುತ್ತಾರೆ, ಹಾಗಿದ್ದರೆ ಆಸ್ಪತ್ರೆಯಿಂದ ಮನೆಗೆ ಬಂದ ವಾರವೇ ಹಾಕಿಬಿಡಿ. ನಮ್ಮ ನಗರದಲ್ಲಿ ಮೊದಲೇ ಹಾಕಬಹುದು ಎಂದು ಆ ಏಪ್ರಿಲ್‌ನಲ್ಲಿ ಅರ್ಜಿಯ ನಮೂನೆಯನ್ನು ಕೈಗೆತ್ತಿಕೊಂಡಾಗ ನನಗೆ ತಿಳಿಯಿತು. ಅದರ ಎರಡನೆಯ ಸಾಲಿನಲ್ಲಿ ಜನ್ಮದಿನಾಂಕ ಅಥವಾ ಹೆರಿಗೆಯ ನಿರೀಕ್ಷಿತ ದಿನಾಂಕ ಎಂದಿದೆ. ಮೊದಲ ಸಾಲಿನಲ್ಲಿ ಮಗುವಿನ ಹೆಸರು ಬರೆಯುವ ಜಾಗವನ್ನು ಖಾಲಿ ಬಿಡಬಹುದು.